ಬಸ್ರೂರಿನ ಅಕ್ಕಿ, ಗಂಗೊಳ್ಳಿಯ ಅಳಿವೆ

ನಮ್ಮ ಕರಾವಳಿಯ ಚರಿತ್ರೆ ಎಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ಕಾಳುಮೆಣಸು. ವಾಸ್ಕೊ ಡ ಗಾಮ ಹಡಗು ಹತ್ತಿದ್ದು ಮೆಣಸಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದು ಮೆಣಸಿನ ರಾಣಿ ಎಂದು. ಮೆಣಸಿನ ಎದುರು ಅಕ್ಕಿಗೆ ಏನು ಮರ್ಯಾದೆ? ಅದು ದಿನವೂ ಉಣ್ಣುವ ವಸ್ತು. ಅದಕ್ಕಾಗಿ ಯಾರಾದರೂ ಸಮುದ್ರ ದಾಟಿ ಬರುತ್ತಾರೆಯೇ, ಕೋಟೆ ಕಟ್ಟುತ್ತಾರೆಯೇ ಎಂದು ನಮಗೆ ಅನ್ನಿಸುತ್ತದೆ. ಬಂದರು, ಕಟ್ಟಿದರು. ಉಡುಪಿಯಿಂದ ಉತ್ತರಕ್ಕೆ ಹೋಗಿ, ಕುಂದಾಪುರದ ಹತ್ತಿರ ಪೂರ್ವಕ್ಕೆ ತಿರುಗಿ ಆರೇಳು ಕಿಲೋಮೀಟರ್ ನಡೆದರೆ ವಾರಾಹಿ ಹೊಳೆಯ ತೆಂಕಣ ದಡದಲ್ಲಿ ಬಸ್ರೂರು ಸಿಗುತ್ತದೆ. ಈಗ ಅದು ಒಂದು ಪೇಟೆ, ಕೆಲವು ದೇವಸ್ಥಾನ, ಒಂದು ಕಾಲೇಜು, ಸುತ್ತ ತೆಂಗು ಮತ್ತು ಗದ್ದೆ ಇರುವ ಊರು. ನಾನೂರು ವರ್ಷಗಳ ಹಿಂದೆ ಗೋವೆಯ ವೈಸರಾಯಿಯೂ ಮಸ್ಕತ್ತಿನ ವರ್ತಕನೂ ಈ ಊರಿನ ಸುಗ್ಗಿ ಹೇಗಾಯಿತೆಂದು ವಿಚಾರಿಸಬೇಕಾಗಿತ್ತು.

ಮೊದಲು ಹೊಳೆಯ ಮಾತು. ಗಟ್ಟದಿಂದ ಇಳಿಯುವ ವಾರಾಹಿ ಹಾಲಾಡಿಯ ಕಡೆಯಿಂದ ಬಂದು ಬಸ್ರೂರನ್ನು ಬಳಸಿ ಕುಂದಾಪುರದ ಕಡೆ ಅಗಲವಾಗುತ್ತದೆ. ಅಲ್ಲಿ ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಕಿ ಎಲ್ಲವೂ ಕೂಡಿಕೊಂಡು, ಐದು ಹೊಳೆಗಳ ನೀರು ಗಂಗೊಳ್ಳಿಯ ಒಂದೇ ಅಳಿವೆಯಿಂದ ಸಮುದ್ರಕ್ಕೆ ಬೀಳುತ್ತದೆ. ಪಂಚಗಂಗಾವಳಿ ಎನ್ನುವುದು ಇದಕ್ಕೇ. ನಡುವೆ ಕುದ್ರು ಎನ್ನುವ ನಡುಗಡ್ಡೆಗಳು. ಉಬ್ಬರದ ಹೊತ್ತಿಗೆ ಉಪ್ಪುನೀರು ಬಸ್ರೂರಿನವರೆಗೂ ಏರುತ್ತದೆ. ಅಂದರೆ ದೋಣಿಯವನಿಗೆ ಹುಟ್ಟು ಹಾಕುವ ಕಷ್ಟ ಅರ್ಧ ಕಡಿಮೆ: ಇಳಿನೀರಿನಲ್ಲಿ ಸರಕು ತುಂಬಿ ಕೆಳಗೆ ಬಿಟ್ಟರೆ ಅಳಿವೆ, ಏರುನೀರಿನಲ್ಲಿ ತಿರುಗಿ ಮನೆ. ಊರು ಸಮುದ್ರದ ಬಾಯಲ್ಲೇ ಇಲ್ಲದ್ದರಿಂದ ಕಡಲ್ಗಳ್ಳರು ಒಮ್ಮೆಲೇ ನುಗ್ಗುವ ಹೆದರಿಕೆಯೂ ಕಡಿಮೆ. ಹಳೆಯ ಬಂದರುಗಳು ಹೆಚ್ಚಾಗಿ ಹೀಗೆ ಒಳಗೇ ಇದ್ದವು. ಸೀತಾನದಿಯ ಬಾರಕೂರು ಹಾಗೆ, ಸ್ವರ್ಣೆಯ ಕಲ್ಯಾಣಪುರ ಹಾಗೆ. ಒಳಗಿನ ಊರಿಗೆ ಒಂದು ಕಷ್ಟ ಮಾತ್ರ ತಪ್ಪಿದ್ದಲ್ಲ. ಅಳಿವೆ ಯಾರ ಕೈಯಲ್ಲಿದೆಯೋ ಅವರ ಮುಖ ನೋಡಿಕೊಂಡೇ ಅದು ಬದುಕಬೇಕು. ಬಸ್ರೂರಿನ ಐನೂರು ವರ್ಷಗಳ ಕತೆಯಲ್ಲಿ ನನಗೆ ಕಾಣುವುದು ಈ ಒಂದೇ ಜಗ್ಗಾಟ.

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ಈ ಕರಾವಳಿಯಲ್ಲಿ ಹಾದುಹೋದ. ಅವನ ಬಾಯಲ್ಲಿ ಬಸ್ರೂರು ‘ಅಬೂ ಸರೂರ್’ ಆಗಿದೆ. ದೊಡ್ಡ ಹಿನ್ನೀರಿನ ದಡದ ಸಣ್ಣ ಊರು, ತೆಂಗಿನ ಮರಗಳು ತುಂಬಿವೆ, ಅಲ್ಲಿಯ ಮುಸಲ್ಮಾನರ ಹಿರಿಯನೊಬ್ಬ ತನ್ನ ಹಣವನ್ನೆಲ್ಲ ಬಡವರಿಗೆ ಹಂಚಿದ ಉದಾರಿ ಎಂದು ಬರೆಯುತ್ತಾನೆ. ಮುಂದೆ ಬಾರಕೂರಿಗೆ ಬಂದರೆ ಅಲ್ಲಿಯ ಅರಸನಿಗೆ ಮೂವತ್ತು ಯುದ್ಧದ ಹಡಗು, ಅವುಗಳಿಗೆ ಒಬ್ಬ ಮುಸಲ್ಮಾನ ನಾಯಕ. ಹಾದುಹೋಗುವ ಹಡಗುಗಳು ಅಲ್ಲಿ ನಿಂತು ಕಾಣಿಕೆ ಒಪ್ಪಿಸಲೇಬೇಕು, ಇಲ್ಲದಿದ್ದರೆ ಬೆನ್ನಟ್ಟಿ ಹಿಡಿಯುತ್ತಾರೆ. ಸಮುದ್ರದಲ್ಲಿ ರಹದಾರಿ ಸುಂಕ ವಸೂಲು ಮಾಡುವ ಉಪಾಯವನ್ನು ನಮಗೆ ಪೋರ್ಚುಗೀಸರೇ ಬಂದು ಕಲಿಸಬೇಕಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ವಿಜಯನಗರದ ಕಾಲಕ್ಕೆ ಬಸ್ರೂರು ಬಾರಕೂರು ರಾಜ್ಯಕ್ಕೆ ಸೇರಿತ್ತು. ಆಗಿನ ಶಾಸನಗಳನ್ನು ಓದಿದರೆ ಊರು ಕೇರಿ ಕೇರಿಯಾಗಿ ಕಣ್ಣೆದುರು ಬರುತ್ತದೆ: ಪಡುವಕೇರಿ, ಮೂಡುಕೇರಿ, ಕೇರಿಗೊಂದು ದೇವಸ್ಥಾನ, ಕೇರಿಗೊಂದು ಹಿರಿಯರ ಕೂಟ. ಸೆಟ್ಟಿಕಾರರು, ನಖರವೆಂಬ ವರ್ತಕ ಕೂಟದವರು, ಕಡಲ ವ್ಯಾಪಾರದ ಪರದೇಶಿ ವರ್ತಕರ ‘ಹಂಜಮಾನ’ದವರು ಎಲ್ಲ ಅಲ್ಲಿ ಬರುತ್ತಾರೆ. ದೇವರಿಗೆ ದತ್ತಿ ಬಿಡುವಾಗ, ತೆರಿಗೆಯ ತಕರಾರು ಬಗೆಹರಿಸುವಾಗ ಇವರು ಸಾಕ್ಷಿ, ಇವರೇ ಹೊಣೆ. ಈ ಶಾಸನಗಳನ್ನು ಊರೂರು ಅಲೆದು ಓದಿದವರಲ್ಲಿ ದೊಡ್ಡವರು ಪಾದೂರು ಗುರುರಾಜ ಭಟ್ಟರು. ಪಾದೂರು ಎಂದರೆ ಕಾಪುವಿನ ಹತ್ತಿರದ್ದೇ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. 1975ರಲ್ಲಿ ಬಂದ ಅವರ ತುಳುವ ಇತಿಹಾಸದ ದಪ್ಪ ಪುಸ್ತಕ ಕೈಗೆ ಸಿಕ್ಕರೆ ಬಿಡಬೇಡಿ.

ಈಗ ಅಕ್ಕಿಗೆ ಬರೋಣ. 1502ರಲ್ಲಿ ವಾಸ್ಕೊ ಡ ಗಾಮ ಎರಡನೆಯ ಸಲ ಬಂದಾಗ ಭಟ್ಕಳದ ಮೇಲೆ ಕಪ್ಪ ಹೇರಿದ. ಚಿನ್ನವನ್ನು ಕೇಳಲಿಲ್ಲ. ವರ್ಷಕ್ಕೆ ಸಾವಿರ ಹೊರೆ ಸಾಧಾರಣ ಅಕ್ಕಿ, ಐನೂರು ಹೊರೆ ಒಳ್ಳೆಯ ಅಕ್ಕಿ. ಸಾಧಾರಣದ್ದು ನಾವಿಕರಿಗೆ, ಒಳ್ಳೆಯದು ಕಪ್ತಾನರಿಗೆ. ಪಂಕ್ತಿಭೇದ ಹಡಗಿನ ಮೇಲೂ ಇತ್ತು ನೋಡಿ! ಕೆಲವೇ ವರ್ಷಗಳಲ್ಲಿ, 1516ರ ಸುಮಾರಿಗೆ, ದುಆರ್ತೆ ಬಾರ್ಬೋಸ ಎಂಬ ಪೋರ್ಚುಗೀಸ್ ಅಧಿಕಾರಿ ಈ ಕರಾವಳಿಯ ಬಂದರುಗಳನ್ನು ಒಂದೊಂದಾಗಿ ವರ್ಣಿಸಿದ. ಬಾರಕೂರು, ಬಸ್ರೂರುಗಳ ಹೊಳೆಗಳಿಂದ ಒಳ್ಳೆಯ ಅಕ್ಕಿ ಹೊರಟು ಕಣ್ಣಾನೂರು, ಕಲ್ಲಿಕೋಟೆ, ಹೋರ್ಮುಜ್, ಏಡನ್‌ಗಳಿಗೆ ಹೋಗುತ್ತದೆ. ಬದಲಿಗೆ ತಾಮ್ರ, ತೆಂಗಿನಕಾಯಿ, ಎಣ್ಣೆ, ಬೆಲ್ಲ ಬರುತ್ತವೆ ಎನ್ನುತ್ತಾನೆ. ಇಲ್ಲಿಯ ಅಕ್ಕಿಯಲ್ಲಿ ನಾಲ್ಕು ತರ, ಒಂದೊಂದಕ್ಕೂ ಬೇರೆ ಬೆಲೆ ಎಂದು ಹೆಸರನ್ನೂ ಕೊಡುತ್ತಾನೆ. ಎಲ್ಲಕ್ಕಿಂತ ಮೇಲಿನದು ಅವನ ಬಾಯಲ್ಲಿ ‘ಗಿರಸಾಲ್’. ನಮ್ಮ ಜೀರಸಾಲೆಯೇ ಇರಬೇಕು.

ಬಾರ್ಬೋಸನ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ ಈ ಕಡೆಯ ಅಕ್ಕಿ ಕಟ್ಟುವ ರೀತಿ. ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ, ಹೆಚ್ಚುಕಡಿಮೆ ಒಂದೇ ಅಳತೆಯ ಹೊರೆ ಮಾಡಿ ಮಾರುತ್ತಾರೆ ಎಂದು ಆತ ಬರೆದದ್ದನ್ನು ಓದಿ, ಕಾರ್ಕಳದ ಕಡೆಯ ಹಳೆಯ ಮನೆಯವರು ನಗಬಹುದು. ಅದು ಅಕ್ಕಿಮುಡಿ. ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಬಿಗಿದು, ಕೊಡತಿಯಿಂದ ಬಡಿದು ಬಡಿದು ಗುಂಡಗೆ ತರುವ ಕೆಲಸ. ಮೂರು ಕಳಸೆಗೆ ಒಂದು ಮುಡಿ, ಕಳಸೆಗೆ 14 ಸೇರಿನಂತೆ 42 ಸೇರು. ಸರಿಯಾಗಿ ಕಟ್ಟಿದ ಮುಡಿಗೆ ಹುಳ ಹಿಡಿಯುವುದಿಲ್ಲ, ಮಳೆಗಾಲದ ತೇವ ತಾಗುವುದಿಲ್ಲ, ಅಟ್ಟದ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಹೊರುವವನಿಗೆ ಒಂದು ಮುಡಿ ಒಂದು ತಲೆಹೊರೆ; ದೋಣಿಯಲ್ಲಿ ಉರುಳಿಸಿ ಒಂದರ ಮೇಲೊಂದು ಒಟ್ಟಬಹುದು; ಎಣಿಸಿದರೆ ಸಾಕು, ಅಳೆಯಬೇಕಾಗಿಲ್ಲ. ಇವತ್ತು ನವಮಂಗಳೂರು ಬಂದರಿನಲ್ಲಿ ಕಬ್ಬಿಣದ ಕಂಟೇನರು ಮಾಡುವ ಕೆಲಸವನ್ನು ಆಗ ಬೈಹುಲ್ಲು ಮಾಡುತ್ತಿತ್ತು. ಪೋರ್ಚುಗೀಸರ ಲೆಕ್ಕದ ಪುಸ್ತಕಗಳಲ್ಲಿ ಕೆನರಾದ, ಅಂದರೆ ನಮ್ಮ ಈ ಕರಾವಳಿಯ, ಅಕ್ಕಿ ಯಾವಾಗಲೂ ‘ಫಾರ್ದೊ’ ಎಂಬ ಕಟ್ಟಿನ ಎಣಿಕೆಯಲ್ಲೇ ಇರುತ್ತದೆ. ಆ ಫಾರ್ದೊಗಳನ್ನು ಕಟ್ಟಿದವರು ಯಾರು ಎಂದು ಆ ಪುಸ್ತಕಗಳು ಹೇಳುವುದಿಲ್ಲ. ಅಂಗಳದಲ್ಲಿ ಕುಳಿತು ಮುಡಿ ಕಟ್ಟಿದ ಒಕ್ಕಲಿಗೆ, ಅದನ್ನು ಗೇಣಿಯಾಗಿ ಧಣಿಯ ಮನೆಗೆ ಹೊತ್ತವನಿಗೆ ಹೋರ್ಮುಜ್ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಆಷಾಢಕ್ಕೆ ಅಕ್ಕಿ ಉಳಿದಿತ್ತೋ ಇಲ್ಲವೋ ಎಂಬುದು ಯಾವ ವೈಸರಾಯಿಯ ಕಾಗದದಲ್ಲೂ ಬರುವ ವಿಷಯವಲ್ಲ.

ಕಾರ್ತಿ ಬೆಳೆ ಕೊಯ್ಲಾಗಿ ಮುಡಿ ಕಟ್ಟುವ ಹೊತ್ತಿಗೆ ಮಳೆ ನಿಂತು ಕಡಲು ತೆರೆದಿರುತ್ತದೆ. ಸುಗ್ಗಿ ಬೆಳೆ ಬರುವ ಹೊತ್ತಿಗೆ ಗಾಳಿ ಇನ್ನೂ ಅನುಕೂಲ. ಮುಂಗಾರು ಮುಟ್ಟುವುದರೊಳಗೆ ಎಲ್ಲ ಹಡಗು ಹೊರಟಿರಬೇಕು, ಆಮೇಲೆ ಅಳಿವೆ ದಾಟುವ ಹಾಗಿಲ್ಲ. ಇಷ್ಟು ತಿಂಗಳೊಳಗೆ ಎಲ್ಲರಿಗೂ ಅಕ್ಕಿ ಬೇಕು. ಭತ್ತ ಬೆಳೆಯದ ಹೋರ್ಮುಜ್, ಮಸ್ಕತ್ತುಗಳಿಗೆ ಬೇಕು. ಮೆಣಸು ಬೆಳೆದು ಅಕ್ಕಿ ಸಾಲದೆ ಬೀಳುವ ಮಲಬಾರಿಗೆ ಬೇಕು. ಕೋಟೆಗಳಲ್ಲಿ ಕುಳಿತ ಸಿಪಾಯಿಗಳನ್ನೂ ಗೋವೆಯ ನಗರವನ್ನೂ ಸಾಕಬೇಕಾದ ಪೋರ್ಚುಗೀಸರಿಗೆ ಎಲ್ಲರಿಗಿಂತ ಹೆಚ್ಚು ಬೇಕು. ಮೆಣಸು ಸಿಗದಿದ್ದರೆ ಅವರಿಗೆ ಲಾಭ ಕಡಿಮೆಯಾಗುತ್ತಿತ್ತು. ಅಕ್ಕಿ ಸಿಗದಿದ್ದರೆ ಒಲೆ ಉರಿಯುತ್ತಿರಲಿಲ್ಲ.

1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರ ಸೋತಿತು. ನಾಲ್ಕು ವರ್ಷದೊಳಗೆ ಮಂಗಳೂರು, ಹೊನ್ನಾವರ, ಬಸ್ರೂರು ಮೂರೂ ಕಡೆ ಪೋರ್ಚುಗೀಸರ ಕೋಟೆ ಎದ್ದವು. ಬಸ್ರೂರಿನದು 1569ರ ಸುಮಾರಿಗೆ. ಕೋಟೆಯನ್ನು ಅವರು ಊರಲ್ಲಿ ಕಟ್ಟಲಿಲ್ಲ. ಹೊಳೆಯ ಕೆಳಗೆ, ಅಳಿವೆಗೂ ಊರಿಗೂ ನಡುವೆ ಕಟ್ಟಿದರು. ಅಲ್ಲಿಂದ ಅವರ ಬರಹಗಳಲ್ಲಿ ಎರಡು ಬಸ್ರೂರು: ಕೆಳಗಿನದು ಕೋಟೆಯದು, ಮೇಲಿನದು ಸೆಟ್ಟಿಗಳದು. ಮೇಲಿನ ಊರಿಗೆ ಅರಸನಿಲ್ಲ, ಸೆಟ್ಟಿಗಳೇ ಸಭೆ ಸೇರಿ ಆಳುತ್ತಾರೆ, ವಿಜಯನಗರಕ್ಕೆ ಹೆಸರಿಗೆ ಕಪ್ಪ ಕೊಡುತ್ತಾರೆ ಎಂದು ಅವರು ಅಚ್ಚರಿಪಟ್ಟು ಬರೆದಿದ್ದಾರೆ. ಸೆಟ್ಟಿಗಳೂ ಸುತ್ತಲಿನ ಚಿಕ್ಕ ಅರಸರೂ ಕೂಡಿ ಕೋಟೆ ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಆಗದಿದ್ದಾಗ ವ್ಯಾಪಾರ ಮುಂದುವರಿಸಿದರು. ಕೆಳಗಿನವರು ಪರವಾನಗಿ ಚೀಟಿ ಕೊಡುವುದು, ಮೇಲಿನವರು ಅಕ್ಕಿಯ ಬೆಲೆ ಹೇಳುವುದು. ಕೆಳಗಿನವರು ದಾರಿ ಕಟ್ಟುವುದು, ಮೇಲಿನವರು ಬೇರೆ ಹೊಳೆಯ ದಾರಿ ಹುಡುಕುವುದು. ಈ ಹಗ್ಗಜಗ್ಗಾಟ ಎಂಬತ್ತು ಎಂಬತ್ತೈದು ವರ್ಷ ನಡೆಯಿತು. ಚೀಟಿಯಿಲ್ಲದ ಹಡಗು ಸಿಕ್ಕಿದರೆ ಸರಕು ಹೋಯಿತು. ಆದರೂ ಮಸ್ಕತ್ತಿಗೂ ಮಲಬಾರಿಗೂ ಚೀಟಿಯಿಲ್ಲದೆ ಹೋದ ಅಕ್ಕಿ ಕಡಿಮೆಯದ್ದಲ್ಲ. ಪೋರ್ಚುಗೀಸರು ಹಿಡಿತ ಬಿಗಿಮಾಡಲೆಂದೇ 1629ರ ಸುಮಾರಿಗೆ ಗಂಗೊಳ್ಳಿಯಲ್ಲಿ ಇನ್ನೊಂದು ಕೋಟೆ ಕಟ್ಟಿದರು. ಒಂದು ಹೊಳೆಯ ಬಾಯಿಗೆ ಎರಡು ಬೀಗ. 1635ರಲ್ಲಿ ಪೋರ್ಚುಗೀಸ್ ದೊರೆಗೆಂದು ತಯಾರಾದ ಕೋಟೆಗಳ ಚಿತ್ರಪುಸ್ತಕದಲ್ಲಿ ಬಸ್ರೂರಿನ ಕೋಟೆಯ ಬಣ್ಣದ ನಕ್ಷೆಯೂ ಇದೆ.

ಬೀಗ ಒಡೆದವನು ಸಮುದ್ರದ ಕಡೆಯಿಂದ ಬರಲಿಲ್ಲ, ಗಟ್ಟದಿಂದ ಇಳಿದ. ಕೆಳದಿಯ ಶಿವಪ್ಪ ನಾಯಕ. ‘ಶಿಸ್ತು’ ಎಂಬ ಕಂದಾಯದ ಲೆಕ್ಕಾಚಾರಕ್ಕೆ ಹೆಸರಾದ ಈ ಅರಸನಿಗೆ, ತನ್ನ ನಾಡಿನ ಅಕ್ಕಿಯ ಮೇಲಿನ ಸುಂಕವನ್ನು ಬೇರೆಯವರು ಹೊಳೆಯ ಬಾಯಲ್ಲಿ ಕುಳಿತು ವಸೂಲು ಮಾಡುವುದು ಸಹಿಸಲಾಗದ ವಿಷಯ. 1652ರಿಂದ 1654ರೊಳಗೆ ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಮಂಗಳೂರು ಕೋಟೆಗಳೆಲ್ಲ ಅವನ ಕೈಗೆ ಬಂದವು. ಅವನ ರಾಜಧಾನಿ ಬಿದನೂರಿನಿಂದ ಹೊಸಂಗಡಿ ಗಟ್ಟ ಇಳಿದು, ಹಾಲಾಡಿಯ ಕಡೆಯಿಂದ ಬಸ್ರೂರಿಗೆ ಬರುವ ಎತ್ತಿನ ದಾರಿ ಈಗ ಒಂದೇ ಅರಸನ ಆಳ್ವಿಕೆಗೆ ಸೇರಿತು. ಮೇಲಿನಿಂದ ಮೆಣಸು, ಅಡಿಕೆ. ಕೆಳಗಿನಿಂದ ಉಪ್ಪು, ಒಣಮೀನು. ಪೋರ್ಚುಗೀಸರು ಮುಂದೆ ಒಪ್ಪಂದಗಳಿಗೆ ಕೈಮುಗಿದು ಬರಬೇಕಾಯಿತು. 1678ರ ಒಪ್ಪಂದದಲ್ಲಿ ಮಿರ್ಜಾನ, ಭಟ್ಕಳ, ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಸಂತೆಕಟ್ಟೆಯಿಂದ ಕಲ್ಯಾಣಪುರಕ್ಕೆ ಹೋಗುವಾಗ ಕಾಣುವ ಮಿಲಾಗ್ರಿಸ್ ಇಗರ್ಜಿಯ ಮೂಲ ಆ ವರ್ಷದ್ದು. ಉಡುಪಿ–ಮಣಿಪಾಲದವರಿಗೆ ಬಸ್ರೂರಿನ ಅಕ್ಕಿಯ ಕತೆ ಅಷ್ಟು ಹತ್ತಿರದ್ದು.

ಇಲ್ಲಿ ಶಿವಾಜಿಯ ದಂಡಯಾತ್ರೆಯ ಮಾತನ್ನು ಬಿಡುವ ಹಾಗಿಲ್ಲ. 1665ರ ಫೆಬ್ರವರಿಯಲ್ಲಿ ಮಾಲ್ವಣದಿಂದ 85 ಸಣ್ಣ ಹಡಗು, ಮೂರು ದೊಡ್ಡ ಹಡಗುಗಳೊಡನೆ ಅವನು ಹೊರಟು ಬಸ್ರೂರಿಗೆ ಬಂದಿಳಿದ, ಊರನ್ನು ಸೂರೆಮಾಡಿದ, ತಿರುಗಿ ಹೋಗುವಾಗ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನ ಮಾಡಿ ಕಾರವಾರದ ವರ್ತಕರಿಂದಲೂ ಹಣ ಪಡೆದ. ಕಾರವಾರದಲ್ಲಿದ್ದ ಇಂಗ್ಲಿಷರ ಕಾಗದಗಳಲ್ಲಿ ಈ ವಿವರ ಇದೆ. ಶಿವಾಜಿ ಸ್ವತಃ ಹಡಗು ಹತ್ತಿ ನಡೆಸಿದ ದಂಡಯಾತ್ರೆ ಎಂದು ಇದಕ್ಕೆ ಮರಾಠರ ಚರಿತ್ರೆಯಲ್ಲಿ ದೊಡ್ಡ ಹೆಸರು. ಪೋರ್ಚುಗೀಸರ ಕೈಯಿಂದ ಬಸ್ರೂರನ್ನು ಬಿಡಿಸಿದ ಎಂದು ಕೆಲವರು ಈಗ ಹೇಳುವುದುಂಟು. ವರ್ಷಗಳನ್ನು ಜೋಡಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಆ ಹೊತ್ತಿಗೆ ಪೋರ್ಚುಗೀಸರ ಕೋಟೆ ಬಿದ್ದು ಹತ್ತು ವರ್ಷ ದಾಟಿತ್ತು, ಊರು ಕೆಳದಿಯವರದು. ಶಿವಾಜಿಗೆ ಬೇಕಾಗಿದ್ದದ್ದು ಹಣ. ಹಣವಿದ್ದ ಊರನ್ನು ಅವನು ಸರಿಯಾಗಿಯೇ ಆರಿಸಿದ್ದ. ಸೂರತ್ತನ್ನು ಲೂಟಿ ಮಾಡಿದ ಮರುವರ್ಷವೇ ಬಸ್ರೂರನ್ನು ನೆನೆದ ಎಂಬುದರಿಂದ ಆಗಿನ ಬಸ್ರೂರಿನ ಸಿರಿಯನ್ನು ಊಹಿಸಿಕೊಳ್ಳಬಹುದು. ಊರು ಮತ್ತೆ ಎದ್ದಿತು. ಕೊಚ್ಚಿ ಹಿಡಿದಿದ್ದ ಡಚ್ಚರು ಮಲಬಾರಿನ ತಮ್ಮ ಕೋಟೆಗಳಿಗೆ ಅಕ್ಕಿ ಕೊಳ್ಳಲು ಇಲ್ಲಿ ಕೋಠಿ ಇಟ್ಟರು. 18ನೇ ಶತಮಾನದ ಮೊದಲಲ್ಲಿ ಈ ಕಡೆ ತಿರುಗಾಡಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟಿಷ್ ಕಪ್ತಾನ, ಈ ಊರಿನವೇ ಎಂಟು-ಹತ್ತು ಹಡಗುಗಳು ಮಸ್ಕತ್ತಿಗೆ ಅಕ್ಕಿ ಒಯ್ದು ಕುದುರೆ, ಖರ್ಜೂರ, ಮುತ್ತು ತರುತ್ತವೆ ಎಂದು ಬರೆದಿದ್ದಾನೆ.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಬಸ್ರೂರಿನ ಸರಕಿಗೆ ಮೇಲಿನಿಂದ ಆಸರೆಯಾಗಿದ್ದ ರಾಜಧಾನಿ ಹೋಯಿತು. 1783ರ ಜನವರಿಯಲ್ಲಿ ಮುಂಬಯಿಯ ಇಂಗ್ಲಿಷ್ ಸೇನೆಯ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು ಅದೇ ಹೊಸಂಗಡಿ ಗಟ್ಟ ಏರಿ ಬಿದನೂರಿಗೆ ನುಗ್ಗಿದ; ಕೆಲವೇ ತಿಂಗಳಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕ. ಎತ್ತುಗಳು ಮುಡಿ, ಮೆಣಸು ಹೊತ್ತು ನಡೆದ ದಾರಿಯಲ್ಲಿ ಫಿರಂಗಿಗಳು ನಡೆದವು. 1799ರಲ್ಲಿ ಟಿಪ್ಪು ಬಿದ್ದಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ.

ಕಂಪನಿಯ ಕಾಲಕ್ಕೆ ಅಕ್ಕಿ ನಿಲ್ಲಲಿಲ್ಲ, ಇನ್ನೂ ಹೆಚ್ಚಿತು. ಕಂದಾಯವನ್ನು ನಗದಾಗಿ ಕಟ್ಟಬೇಕು, ನಗದು ಬರುವುದು ಅಕ್ಕಿ ಹಡಗು ಹತ್ತಿದರೆ. ಅಕ್ಕಿಯ ಬೆಲೆ ಇಳಿದರೆ ರೈತನ ಕತ್ತಿಗೆ ಹಗ್ಗ. 1830–31ರಲ್ಲಿ ಹೀಗೆ ಬೆಲೆ ಕುಸಿದಾಗಲೇ ಜಿಲ್ಲೆಯುದ್ದಕ್ಕೂ ರೈತರು ‘ಕೂಟ’ ಸೇರಿ ಕಂದಾಯ ಕಟ್ಟುವುದಿಲ್ಲ ಎಂದರು, ಕದ್ರಿಯ ಮಂಜುನಾಥನ ಸನ್ನಿಧಿಯವರೆಗೂ ಹೋದರು. ಮಸ್ಕತ್ತಿನ ಪೇಟೆಯ ಏರಿಳಿತಕ್ಕೂ ಕೋಟ, ಕಾರ್ಕಳದ ಬೇಸಾಯಗಾರನ ಅಂಗಳಕ್ಕೂ ಸಂಬಂಧ ಎಷ್ಟು ನೇರ ಎಂದು ಅರಿಯಲು ನಮ್ಮ ವಿದ್ಯಾರ್ಥಿಗಳು ಈ ಕೂಟಗಳ ಕತೆಯನ್ನೊಮ್ಮೆ ಓದಬೇಕು.

ಅಕ್ಕಿ ಹೆಚ್ಚಿದರೂ ಬಸ್ರೂರಿನ ಪಾಲು ಕಡಿಮೆಯಾಗುತ್ತ ಬಂತು. ಸರಕಾರದ ಕಚೇರಿ, ಖಜಾನೆ, ಸುಂಕದ ಕಟ್ಟೆ ಎಲ್ಲ ಕುಂದಾಪುರದಲ್ಲಿ ನಿಂತವು, ಅಂದರೆ ಆ ಹಳೆಯ ಕೆಳಗಿನ ಬಸ್ರೂರಿನ ನೆರೆಯಲ್ಲಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋದಾಗಲೂ ಕುಂದಾಪುರ ತಾಲೂಕು ಮದರಾಸಿನ ಕಡೆಗೇ ಉಳಿಯಿತು. ಮಂಜಿ, ಮಚುವೆ ಎಂಬ ಹಾಯಿದೋಣಿಗಳು ದೊಡ್ಡದಾದವು, ಹೊಳೆಯಲ್ಲಿ ಹೂಳು ತುಂಬಿಕೊಂಡಿತು. ಆಮೇಲೆ ಉಗಿ ಹಡಗುಗಳು ಬಂದವು. ಅವು ಹೊಳೆಯೊಳಗೆ ಬರುವ ಮಾತೇ ಇಲ್ಲ, ಹೊರಗೆ ಕಡಲಲ್ಲೇ ನಿಂತು ದೋಣಿಯಿಂದ ಸರಕು ಏರಿಸಿಕೊಳ್ಳಬೇಕು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಸರಕೆಲ್ಲ ಆ ಕಡೆ ಹರಿಯಿತು. ಸಣ್ಣ ಬಂದರುಗಳೆಲ್ಲ ಒಂದೊಂದಾಗಿ ಬಡವಾದವು. ಬಾರಕೂರಿನ ಪಾಲಿನ ಹಂಗಾರಕಟ್ಟೆಗೂ ಇದೇ ಗತಿ. ಅಲ್ಲಿ ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನವರು ಹಡಗು ಕಟ್ಟುತ್ತಿದ್ದಾರೆ ಎಂಬುದು ಸಮಾಧಾನದ ಸಂಗತಿ. ಬಸ್ರೂರಿಗೆ ಅಂತಹ ಅದೃಷ್ಟ ಬರಲಿಲ್ಲ.

ಬಸ್ರೂರು ಹಾಳಾಯಿತು ಎಂದು ಮರುಗುವವರನ್ನು ನಾನು ಒಪ್ಪುವುದಿಲ್ಲ. ವ್ಯಾಪಾರ ಸಾಯಲಿಲ್ಲ, ಹೊಳೆಯ ಜೊತೆ ಕೆಳಗಿಳಿಯಿತು, ಅಷ್ಟೆ. ಮೇಲಿನ ಊರಿನಲ್ಲಿ ಉಳಿದದ್ದು ನೋಡುವಷ್ಟಿದೆ. ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿ, ಶಾಸನದ ಕಲ್ಲುಗಳ ಎದುರು ಸ್ವಲ್ಪ ಹೊತ್ತು ನಿಲ್ಲಿ. ಆಲದ ಬೇರುಗಳು ಗೋಡೆಯನ್ನೆಲ್ಲ ತಬ್ಬಿ ಹಿಡಿದಿರುವ ತುಳುವೇಶ್ವರ ಗುಡಿಗೆ ಈಗ ಮೊಬೈಲು ಹಿಡಿದು ಫೋಟೋ ತೆಗೆಯುವವರು ಬರುತ್ತಾರೆ, ಬರಲಿ. ಬಂದವರು ಹಾಗೆಯೇ ಕೇರಿಗಳಲ್ಲಿ ನಡೆದು ಹೊಳೆಯ ದಡದವರೆಗೆ ಹೋದರೆ, ಇಷ್ಟು ದೊಡ್ಡ ಪೇಟೆ ಇಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಸಿತ್ತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಕೆಳಗೆ ಗಂಗೊಳ್ಳಿಯಲ್ಲಿ ಈಗ ಅಕ್ಕಿಯ ಹಡಗಿಲ್ಲ, ಮೀನಿನ ದೋಣಿಗಳಿವೆ; ಬಂಗುಡೆ, ಬೂತಾಯಿಯ ಸುಗ್ಗಿಯಲ್ಲಿ ಜೆಟ್ಟಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಳಿವೆಗೆ ಕಲ್ಲಿನ ತಡೆಗೋಡೆ ಹಾಕಿದ್ದಾರೆ. ಆದರೂ ಮಳೆಗಾಲ ಕಳೆದು ದೋಣಿ ಇಳಿಸುವ ಹೊತ್ತಿಗೆ ಮೀನುಗಾರರು ಸರಕಾರದ ಮುಂದಿಡುವ ಬೇಡಿಕೆ ಹಳೆಯದೇ: ಅಳಿವೆಯ ಹೂಳು ತೆಗೆಸಿಕೊಡಿ, ದಾರಿ ಬಿಡಿಸಿಕೊಡಿ.